ಚುಕ್ಕೆ ನಿಂತ ಜಾಗ

೭ ಜನವರಿ ೨೦೧೯, ಸೋಮವಾರ. ಬೆಳಿಗ್ಗೆ ೧೦

ಗಿರಣಿ ಶುರುವಾಯಿತು. ಮೇಜು ನಡುಗಿತು. ಕೀಬೋರ್ಡಿನ ಮೇಲೆ ಜೋಳದ ಹಿಟ್ಟಿನ ತೆಳು ಪದರ. ಊದಿ ಕೆಲಸಕ್ಕೆ ಕುಳಿತೆ. ಹಿಟ್ಟಿನ ಗಿರಣಿಯ ಅಟ್ಟದ ಮೇಲೆ ಸಾಫ್ಟ್‌ವೇರ್ ಕಂಪನಿ ನಡೆಸುವವನು ಇಡೀ ಬೆಟಗೇರಿಯಲ್ಲಿ ನಾನೊಬ್ಬನೇ. ಸಿಬ್ಬಂದಿ ಇಬ್ಬರು. ಸಿದ್ದಲಿಂಗೇಶ, ಅಂದರೆ ನಾನು, ಪ್ರೋಗ್ರಾಂ ಬರೆಯಲು. ಲಕ್ಷ್ಮೇಶ್ವರದ ಅಯ್ಯೂಬ, ಬೆಸುಗೆ ಹಾಕಲು. ಇಲಿಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಹೊಸ ಮೆಕ್ಯಾನಿಕಲ್ ಕೀಬೋರ್ಡ್ ತರಿಸಿದ್ದು ದಂಡ. ಟಕಟಕ ಸದ್ದು ಕೇಳಲೆಂದೇ ಜನ ಅದನ್ನು ಕೊಳ್ಳುತ್ತಾರೆ. ಇಲ್ಲಿ ಗವಿಸಿದ್ದಪ್ಪನ ಗಿರಣಿಯ ಮುಂದೆ ಅದರ ಸದ್ದು ನನಗೇ ಕೇಳಿಸದು. ಆದರೂ ಕೀಬೋರ್ಡೇ ಶ್ರೇಷ್ಠ. ಮೌಸ್ ಹಿಡಿಯುವವನು ಪ್ರೋಗ್ರಾಮರನಲ್ಲ, ಗುಮಾಸ್ತ. ಇದು ನನ್ನ ಸಿದ್ಧಾಂತ.

ಎರಡನೆಯ ಸಿದ್ಧಾಂತ, ಪೆಟ್ಟು. ನಮ್ಮ ಕಡೆ ಯಂತ್ರ ಕೆಟ್ಟರೆ ಮೊದಲು ಹೊಡೆಯಬೇಕು, ಆಮೇಲೆ ಯೋಚಿಸಬೇಕು. ಪ್ರಿಂಟರಿಗೆ ಎಡಗೆನ್ನೆಗೆ ಒಂದು. ಯುಪಿಎಸ್‌ಗೆ ಒದೆ, ಮೊಣಕಾಲು ಬಗ್ಗಿಸದೆ. ರೌಟರಿಗೆ ನೆತ್ತಿಯ ಮೇಲೆ ಎರಡು ಬೆರಳು, ಅದು ಸೂಕ್ಷ್ಮ ಜೀವ. ಹೊಡೆದದ್ದೆಲ್ಲ ಸರಿಹೋಗಿದೆ. ಸರಿಹೋಗದ್ದು ಮೊದಲೇ ಸತ್ತಿತ್ತು.

ಡೈರಿ ಆ್ಯಪ್ ಮೂರು ಹಾಕಿ ತೆಗೆದೆ. ಒಂದು ದಿನಾ ಪಾಸ್‌ವರ್ಡ್ ಕೇಳಿತು. ಇನ್ನೊಂದು 'ಇಂದು ನಿಮ್ಮ ಮನಸ್ಸು ಹೇಗಿದೆ' ಎಂದು ಹಳದಿ ಮುಖ ತೋರಿಸಿತು. ಮೂರನೆಯದು ನಾನು ಬರೆದದ್ದನ್ನು ಓದಿ ಬನಿಯನ್ ಜಾಹೀರಾತು ಕಳಿಸಿತು. ಈ ನೋಟ್‌ಬುಕ್ಕು ಏನೂ ಕೇಳುವುದಿಲ್ಲ.

ನಾಡಿದ್ದು ಶಿರಹಟ್ಟಿ. ಚನ್ನಬಸವಣ್ಣನವರ ಆರು ಟಿಪ್ಪರುಗಳಿಗೆ ನಮ್ಮ ಪೆಟ್ಟಿಗೆ ಕೂರಿಸಬೇಕು. ಅಂಗೈಯಗಲದ ಪೆಟ್ಟಿಗೆ, ಒಳಗೊಂದು ಸಿಮ್ಮು. ಹತ್ತು ಸೆಕೆಂಡಿಗೊಮ್ಮೆ ಗಾಡಿ ಎಲ್ಲಿದೆಯೆಂದು ನನ್ನ ಸರ್ವರಿಗೆ ತಿಳಿಸುತ್ತದೆ. ಮಾಲೀಕರ ಮೊಬೈಲಿನಲ್ಲಿ ನಕ್ಷೆ, ನಕ್ಷೆಯ ಮೇಲೆ ಚುಕ್ಕೆ. ಓಡಿದರೆ ಹಸಿರು, ನಿಂತರೆ ಕೆಂಪು. ಕೆಂಪಿನ ಪಕ್ಕ, ಎಷ್ಟು ಹೊತ್ತು ನಿಂತಿದೆ ಎನ್ನುವ ಗಡಿಯಾರ. ಗಡಿಯಾರ ನನ್ನ ಸ್ವಂತ ಬುದ್ಧಿ. ಗಾಂಧಿ ಸರ್ಕಲ್‌ನಿಂದ ಬೆಟಗೇರಿ ಬಸ್ ಸ್ಟ್ಯಾಂಡಿಗೆ ಸ್ಕೂಟರಿನಲ್ಲಿ ನಲವತ್ತು ಸಲ ಓಡಾಡಿ ಪರೀಕ್ಷೆ ಮಾಡಿದ್ದೇನೆ. ಒಮ್ಮೆಯೂ ತಪ್ಪಿಲ್ಲ.

೯ ಜನವರಿ, ಬುಧವಾರ. ಸಂಜೆ

ಶಿರಹಟ್ಟಿಗೆ ಹೋಗಿ ಬಂದೆವು. ಅಂಗಳವೇ ಅರ್ಧ ಎಕರೆ. ಒಂದು ಮೂಲೆಗೆ ಹಳೆ ಟೈರು, ಇನ್ನೊಂದಕ್ಕೆ ಬೇವಿನ ಮರ. ಮರಕ್ಕೆ ಮೊಳೆ, ಮೊಳೆಗೆ ಹರಿದ ಫ್ಯಾನ್ ಬೆಲ್ಟ್. ಬೆಲ್ಟ್ ಅಲ್ಲೇಕೆ ಎಂದು ಕೇಳಬೇಕೆಂದಿದ್ದೆ. ಕೇಳುವ ಮೊದಲೇ ತಿಳಿಯಿತು.

ಚನ್ನಬಸವಣ್ಣನವರು ಮೆಲುದನಿಯ ಮನುಷ್ಯ. ಇಸ್ತ್ರಿ ಹಾಕಿದ ಬಿಳಿ ಅಂಗಿ. ನಮ್ಮ ಜೊತೆ ಚಹಾ ಕುಡಿಯುತ್ತಾ ಒಬ್ಬ ಡ್ರೈವರನ್ನು ಕರೆದರು. ಗಾಡಿಯ ಗಾಜು ಒರೆಸಿರಲಿಲ್ಲವಂತೆ. ಬೆಲ್ಟ್ ತೆಗೆದು ಬೆನ್ನಿಗೆ ಬಾರಿಸಿದರು. ಮೂರನೆಯ ಏಟಿಗೆ ನನ್ನ ಕಡೆ ತಿರುಗಿ, "ಸಕ್ಕರಿ ಸಾಕಾತೇನ್ರಿ ಚಾಕ್ಕ?" ಎಂದರು.

"ಸಾಕಾತ್ರಿ" ಎಂದೆ.

ಮತ್ತೆ ಎರಡು. ಬೆಲ್ಟ್ ಮೊಳೆಗೆ ಹೋಯಿತು. ಡ್ರೈವರು ಗಾಜು ಒರೆಸಲು ಹೋದ. ಅಂಗಿ ಬೆನ್ನಿಗೆ ಅಂಟಿತ್ತು. ಯಾರೂ ತಲೆಯೆತ್ತಲಿಲ್ಲ. ನಾನು ಉಳಿದ ಚಹಾ ಕುಡಿದು ಮುಗಿಸಿದೆ.

ಆಮೇಲೆ ನನ್ನ ಉಪನ್ಯಾಸ. ಡ್ರೈವರುಗಳೆಲ್ಲ ಸುತ್ತ ನಿಂತರು. ಅವರಲ್ಲಿ ಹಿರಿಯ ತಿರಕಪ್ಪ, ಶಿಗ್ಲಿಯವನು, ಮೀಸೆಯಲ್ಲೇ ನಗುವವನು. "ಸಾಹೇಬ್ರ, ನಾ ಉಚ್ಚಿಗೆ ನಿಂತ್ರೂ ಕೆಂಪ ಆಗ್ತೈತೇನ್ರಿ?"

"ಆಗ್ತೈತಿ. ಐದು ನಿಮಿಷ ದಾಟಿದ್ರ ಮಾಲಕ್ರಿಗೆ ಸುದ್ದಿನೂ ಹೊಕ್ಕೈತಿ."

"ಹಂಗಾರ ಜಲ್ದಿ ಮುಗಸ್ಬೇಕಾತು ಬಿಡ್ರಿ."

ಎಲ್ಲರೂ ನಕ್ಕರು, ಬೆನ್ನಿಗೆ ಏಟು ಬಿದ್ದವನೂ. ಚನ್ನಬಸವಣ್ಣನವರು ನಗು ಮುಗಿಯುವವರೆಗೆ ಕಾದು ಕೇಳಿದರು: "ಇದು ಸುಳ್ಳು ಹೇಳ್ತೈತೇನ್ರಿ?"

"ಮನಷ್ಯಾರು ಹೇಳ್ತಾರ್ರಿ. ಮಷೀನ್ ಹೇಳಂಗಿಲ್ಲ."

ಸಭೆಗೆ ತಕ್ಕ ಮಾತು ಎನಿಸಿತು. ಅಯ್ಯೂಬ ಏಳನೆಯ ಪೆಟ್ಟಿಗೆಯನ್ನು ಅವರ ಸ್ವಂತ ಜೀಪಿನ ಸೀಟಿನ ಕೆಳಗೆ ಪುಕ್ಕಟೆ ಕೂರಿಸಿದ. "ನನಗ್ಯಾಕ್ರಿ ಚುಕ್ಕಿ? ಇರಲಿ, ಪುಕ್ಕಟೆ ಅಂದ್ರ ಬ್ಯಾಡ ಅನಬಾರದು."

೧೩ ಜನವರಿ, ಭಾನುವಾರ

ಅಂಕಿತಾಳಿಗೆ ಹೆಜ್ಜೆ ಎಣಿಸುವ ಕೈಗಡಿಯಾರ ತಂದುಕೊಟ್ಟಿದ್ದೆ. ಹೆಂಡತಿಯ ಆರೋಗ್ಯದ ಕಾಳಜಿ. ಅದಕ್ಕಿಂತ ಹೆಚ್ಚಾಗಿ ಗ್ಯಾಜೆಟ್ಟಿನ ಚಟ. ಇಂದು ಬೆಳಿಗ್ಗೆ ರೊಟ್ಟಿ ಬಡಿಯುವಾಗ ಕಟ್ಟಿಕೊಂಡಿದ್ದಳು. ಒಲೆಯ ಮುಂದಿನಿಂದ ಎದ್ದಾಗ ಆರು ಸಾವಿರದ ನಾನೂರು ಹೆಜ್ಜೆ. ಗಡಿಯಾರ ಅಭಿನಂದನೆಯನ್ನೂ ಹೇಳಿತು.

"ಕುಂತಲ್ಲೇ ಬಿಂಕದಕಟ್ಟಿಗೆ ಹೋಗಿ ಬಂದೀನಿ ನೋಡ್ರಿ. ನಿಮ್ಮ ಮಷೀನ್ ಸುಳ್ಳು ಹೇಳಂಗಿಲ್ಲಲ್ಲ."

ಶಿರಹಟ್ಟಿಯ ಮಾತನ್ನು ಅವಳಿಗೆ ಹೇಳಿದ್ದು ತಪ್ಪಾಯಿತು. ಗಂಭೀರವಾಗಿ ವಿವರಿಸಿದೆ: ಗಡಿಯಾರಕ್ಕೆ ತಿಳಿಯುವುದು ಕೈ ಅಲುಗಿತು ಎಂಬುದಷ್ಟೇ, ಅದನ್ನು ನಡಿಗೆ ಎಂದವನು ಎಲ್ಲೋ ಕುಳಿತ ಪ್ರೋಗ್ರಾಮರ್. "ಅಂವಗ ರೊಟ್ಟಿ ಗೊತ್ತಿಲ್ಲ. ಅಷ್ಟs."

"ರೊಟ್ಟಿ ಗೊತ್ತಿಲ್ಲದಾಂವ ನನ್ನ ಕೈ ಎಣಸಾಕ ಯಾಕ ಬಂದ?"

ರೊಟ್ಟಿ ತಿಂದೆ.

೨೨ ಜನವರಿ, ಮಂಗಳವಾರ

ಊಟದ ಹೊತ್ತಿಗೆ ಚನ್ನಬಸವಣ್ಣನವರ ಫೋನು. ನಿನ್ನೆ ತಿರಕಪ್ಪನ ಟಿಪ್ಪರು ಮುಂಡರಗಿ ಕಡೆಯಿಂದ ಜಲ್ಲಿಕಲ್ಲು ತರುವಾಗ ಡೋಣಿ ಕ್ರಾಸಿನ ಧಾಬಾದ ಮುಂದೆ ಮೂರು ತಾಸು ಕೆಂಪಾಗಿ ನಿಂತಿತ್ತಂತೆ. ಅಲ್ಲಿ ಡೀಸೆಲ್ ಇಳಿಸಿ ಮಾರುತ್ತಾನೆ ಎಂದು ಅನುಮಾನ. "ಕಾಗದದ ಮ್ಯಾಲ ಕೊಡ್ರಿ."

ಕೊಟ್ಟೆ. ಎರಡು ನಿಮಿಷದ ಕೆಲಸ. ನಕ್ಷೆ, ಕೆಂಪು ಚುಕ್ಕೆ, ಕೆಳಗೆ ದಪ್ಪಕ್ಷರದಲ್ಲಿ 'ನಿಂತ ಅವಧಿ ೩ ಗಂಟೆ ೮ ನಿಮಿಷ'. ಕೆಂಪು ಸ್ವಲ್ಪ ಮಂಕೆನಿಸಿತು, ಇನ್ನಷ್ಟು ಗಾಢ ಮಾಡಿ ಕಳಿಸಿದೆ. ಪಿಡಿಎಫ್ ಅಂದರೆ ಹೀಗಿರಬೇಕು.

೨೩ ಜನವರಿ, ಬುಧವಾರ. ಮಧ್ಯಾಹ್ನ

ಅಯ್ಯೂಬ ಶಿರಹಟ್ಟಿಯಿಂದ ಬಂದ. ಒಂದು ಪೆಟ್ಟಿಗೆಯ ವೈರ್ ಸಡಿಲಾಗಿತ್ತು, ಸರಿಪಡಿಸಲು ಹೋಗಿದ್ದ. ಬೆಸುಗೆ ಕಡ್ಡಿಯನ್ನು ಪ್ಲಗ್ಗಿಗೆ ಹಾಕಿದ, ಕಾಯುವವರೆಗೆ ನೋಡಿದ, ಮತ್ತೆ ತೆಗೆದ.

"ತಿರಕಪ್ಪನ ಕೈ ಮುರದ್ರು."

ಕೀಬೋರ್ಡಿನಿಂದ ಕೈ ತೆಗೆದು ಅವನ ಕಡೆ ತಿರುಗಿದೆ.

"ನಾ ಅಲ್ಲೇ ಇದ್ನೋ. ಗಾಡಿ ಕೆಳಗ ಮಕ್ಕೊಂಡಿದ್ನಿ, ಮೊದಲ ಕಾಲಷ್ಟ ಕಾಣ್ತಿದ್ದು, ತಲಿ ಹೊರಗ ಹಾಕಿ ನೋಡಿದ್ನಿ. 'ಧಾಬಾಕ್ಕ ನಿಂತಿಲ್ರಿ ಧಣಿ, ಗುಡ್ಡದ ಹಿಂದ ಟೈರ್ ಸಿಡೀತು, ಒಬ್ಬನs ಬದ್ಲಿ ಮಾಡೀನಿ' ಅಂತ ಆಂವ ಒಂದs ಮಾತು ಹತ್ತು ಸಲ ಹೇಳಿದ. ಇವ್ರು 'ಚುಕ್ಕಿ ಅಲ್ಲೇ ನಿಂತೈತಲ್ಲ' ಅಂದ್ರು. ದನಿ ಏರ್ಸಲಿಲ್ಲ. ಜ್ಯಾಕ್ ಯಾವುದ್ರಿಂದ ಏರ್ಸಿದ್ದಿ ಅಂತ ಕೇಳಿದ್ರು. ಆಂವ ರಾಡ್ ತಂದು ಕೈಯಾಗ ಕೊಟ್ಟ, ಖರೇನ ಕೇಳಾಕತ್ತಾರ ಅಂತ ತಿಳ್ಕೊಂಡು. ಅದರಿಂದನs ಹೊಡದ್ರು. ಮೊದಲ ಮೊಣಕಾಲಿಗೆ. ಬಿದ್ದ. ಆಮ್ಯಾಲ ತಲಿಗೆ ಅಡ್ಡ ಹಿಡದ ಕೈ ಮ್ಯಾಲ. ಮೂರನೇದಕ್ಕ ಲಟಕ್ ಅಂತು. ಮುರದ್ದು ಗೊತ್ತಾದ ಮ್ಯಾಲೂ ಹೊಡದ್ರು. ಎಡಗೈಯಾಗ ಮೊಬೈಲ್ ಹಿಡದಿದ್ರು ಸಿದ್ದಾ. ನಿನ್ನ ಪಿಡಿಎಫ್. ಹೊಡದು ಹೊಡದು ಅದನ್ನ ತೋರ್ಸಾಕತ್ತಿದ್ರು."

ಗಿರಣಿ ಕೆಳಗೆ ಗರಗರ ಎನ್ನುತ್ತಿತ್ತು.

"ಮಷೀನ್ ತೋರ್ಸೇತಲ್ಲೋ" ಎಂದೆ. ನನ್ನ ಬಾಯಿಂದ ಬಂದದ್ದು ಅಷ್ಟೇ.

ಅಯ್ಯೂಬ ನನ್ನ ಕಡೆ ತಿರುಗಿದ. "ಕಪ್ಪತಗುಡ್ಡದ ಹಿಂದ ಟಾವರ್ ಎಲ್ಲೈತ್ಲೇ?"

೨೪ ಜನವರಿ, ಗುರುವಾರ. ಮಧ್ಯಾಹ್ನ ೩

ಸ್ಕೂಟರಿನಲ್ಲೇ ಹೋದೆ. ಡಿಕ್ಕಿಯಲ್ಲಿ ಪೆಟ್ಟಿಗೆ. ಡಂಬಳ, ಡೋಣಿ, ಕ್ರಾಸು, ಧಾಬಾ. ಧಾಬಾದಲ್ಲಿ ಟಾವರ್ ತುಂಬ. ನಿಲ್ಲದೆ ದಾಟಿ ಗುಡ್ಡ ಹತ್ತಿದೆ. ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಇಳಿಯುವಾಗ ಫೋನಿನ ಗೀಟುಗಳು ಒಂದೊಂದಾಗಿ ಹೋದವು. ಗದಗ ಜಿಲ್ಲೆಯ ಪ್ರತಿ ಲಾರಿ ಡ್ರೈವರಿಗೂ, ಬಸ್ಸಿನ ಕಂಡಕ್ಟರಿಗೂ ಇದು ಗೊತ್ತು: ಗುಡ್ಡದ ಹಿಂದೆ ಫೋನು ಹತ್ತುವುದಿಲ್ಲ. ಆ ದಾರಿಯಲ್ಲಿ ಹೋಗುವ ಮೊದಲು ಮನೆಗೆ ಹೇಳಿ ಹೊರಡುತ್ತಾರೆ. ನನಗೂ ಗೊತ್ತಿತ್ತು. ನಕ್ಷೆ ಬರೆಯುವಾಗ ಮಾತ್ರ ನಾನು ಗಾಂಧಿ ಸರ್ಕಲ್‌ನವನಾಗಿದ್ದೆ.

ಇಳಿಜಾರಿನ ಮಧ್ಯೆ ರಸ್ತೆಯ ಬದಿ ಸಿಡಿದ ಟೈರಿನ ಕರಿ ಚೂರುಗಳು. ಜ್ಯಾಕಿನ ಕೆಳಗೆ ಇಟ್ಟ ಕಲ್ಲು, ನೆಲದಲ್ಲಿ ಅರ್ಧ ಹೂತದ್ದು. ಬೀಡಿ ತುಂಡು ಎರಡು. ಫೋಟೋ ತೆಗೆದೆ. ನಾಲ್ಕು ಕ್ಯಾಮೆರಾದ ಫೋನು ಮೊದಲ ಸಲ ಉಪಯೋಗಕ್ಕೆ ಬಂತು. ಅರ್ಧ ಗಂಟೆ ಅಲ್ಲೇ ಕುಳಿತೆ.

ಕಡಕೋಳದ ಹತ್ತಿರ ಸಿಗ್ನಲ್ ಬಂದಾಗ ನನ್ನ ದಾರಿ ತೆರೆದು ನೋಡಿದೆ. ಸಿದ್ದಲಿಂಗೇಶ ಎಂಬ ಮಹಾಶಯ ಡೋಣಿ ಕ್ರಾಸಿನ ಧಾಬಾದ ಮುಂದೆ ಐವತ್ತೆರಡು ನಿಮಿಷ ಕೆಂಪಗೆ ನಿಂತಿದ್ದ. ಅಲ್ಲಿ ನಾನು ಚಹಾ ಕೂಡ ಕುಡಿದಿರಲಿಲ್ಲ.

೨೫ ಜನವರಿ, ಶುಕ್ರವಾರ

ತಪ್ಪು ನಾಲ್ಕು ಸಾಲಿನದು. ಪೆಟ್ಟಿಗೆಯಿಂದ ಸುದ್ದಿ ಬಾರದಿದ್ದರೆ ನನ್ನ ಪ್ರೋಗ್ರಾಂ ಕೊನೆಯ ಜಾಗವನ್ನೇ ಮತ್ತೆ ಮತ್ತೆ ಬರೆದುಕೊಳ್ಳುತ್ತಿತ್ತು, ಮೇಲೆ ಗಡಿಯಾರವನ್ನೂ ಓಡಿಸುತ್ತಿತ್ತು. ಸುದ್ದಿ ಬಂದಿಲ್ಲ ಎನ್ನುವ ಬದಲು ಗಾಡಿ ನಿಂತಿದೆ ಎನ್ನುತ್ತಿತ್ತು. ಈಗ ತಿದ್ದಿದೆ. ಸುದ್ದಿ ಇಲ್ಲದಿದ್ದರೆ ಬೂದು ಬಣ್ಣ, ಪಕ್ಕದಲ್ಲಿ 'ಗೊತ್ತಿಲ್ಲ'. ಇಡೀ ಪ್ರೋಗ್ರಾಮಿನಲ್ಲಿ ಇದೊಂದೇ ಮರ್ಯಾದಸ್ಥ ಪದ.

ಗಿಟ್ ಬಗ್ಗೆ ಅಯ್ಯೂಬನಿಗೆ ಎಷ್ಟೋ ಪ್ರವಚನ ಕೊಟ್ಟಿದ್ದೇನೆ. ಪ್ರೋಗ್ರಾಮಿನ ಪ್ರತಿ ತಿದ್ದುಪಡಿಯನ್ನೂ ನೆನಪಿಡುವ ಸಲಕರಣೆ. ಅದರಲ್ಲಿ 'ಬ್ಲೇಮ್' ಎಂಬ ಕಮಾಂಡ್ ಇದೆ, ಪ್ರತಿ ಸಾಲಿನ ಮುಂದೆ ಅದನ್ನು ಬರೆದವನ ಹೆಸರು, ದಿನ, ಗಂಟೆ ತೋರಿಸುತ್ತದೆ. ಇವತ್ತು ಓಡಿಸಿದೆ. ನಾಲ್ಕೂ ಸಾಲಿನ ಮುಂದೆ ಒಂದೇ ಹೆಸರು. ಬೇರೆ ಯಾರದ್ದಿರುತ್ತದೆ, ಕಂಪನಿಯಲ್ಲಿ ಇಲಿಗಳು ಟೈಪ್ ಮಾಡುವುದಿಲ್ಲ.

ತಿದ್ದುಪಡಿಗೆ ಕೊಟ್ಟ ಶೀರ್ಷಿಕೆ: 'ಸಣ್ಣ ಬದಲಾವಣೆ'.

ಹಳೆಯ ಇತಿಹಾಸವನ್ನೇ ಅಳಿಸಿ ಹೊಸದಾಗಿ ಬರೆಯುವ ದಾರಿಯೂ ಗಿಟ್‌ನಲ್ಲಿದೆ. ಹಾಗೆ ಮಾಡುವವನು ಪಾತಕಿ ಎಂದು ನಾನೇ ಹೇಳುತ್ತಿದ್ದೆ. ಆ ಕಮಾಂಡ್ ಟೈಪ್ ಮಾಡಿದೆ. ಎಂಟರ್ ಒತ್ತಲಿಲ್ಲ. ಒತ್ತದೆ ಸ್ಕ್ರೀನು ಹಾಗೇ ಬಿಟ್ಟು ಮನೆಗೆ ಬಂದೆ.

೧೧ ಫೆಬ್ರವರಿ, ಸೋಮವಾರ

ಹದಿನೇಳು ದಿನ ಬರೆಯಲಿಲ್ಲ. ಕೆಲಸ ಬಹಳ ಇತ್ತು. ಪ್ರೋಗ್ರಾಂ ಬರೆಯುವ ಎಡಿಟರಿನ ಬಣ್ಣ ಮೂರು ಸಲ ಬದಲಾಯಿಸಿದೆ. ಕಿವಿಗೆ ಹಾಕುವ ಬ್ಲೂಟೂತ್ ಗುಂಡಿಗಳಲ್ಲಿ ಒಂದು ಗವಿಸಿದ್ದಪ್ಪನ ಗಿರಣಿಯಲ್ಲಿ ಬಿದ್ದು ಯಾರದೋ ಮನೆಯ ರೊಟ್ಟಿಯಾಯಿತು. ಇಂಥವೇ ಘನಕಾರ್ಯಗಳು. ಶಿರಹಟ್ಟಿಗೆ ಫೋನು ಮಾಡಲಿಲ್ಲ. ಶಿಗ್ಲಿಗೂ ಹೋಗಲಿಲ್ಲ.

ಶಿಗ್ಲಿಯೇ ಬಂತು. ಇವತ್ತು ಹನ್ನೊಂದಕ್ಕೆ ಮೆಟ್ಟಿಲು ಹತ್ತಿ ಬಂದವಳು ದೇವವ್ವ, ತಿರಕಪ್ಪನ ಹೆಂಡತಿ. ಲಕ್ಷ್ಮೇಶ್ವರದಿಂದ ಬಸ್ಸು, ಬಸ್ ಸ್ಟ್ಯಾಂಡಿನಿಂದ ಕೇಳಿಕೊಂಡು ನಡಿಗೆ. ನಿಂತೇ ಇದ್ದಳು.

"ಚುಕ್ಕಿ ಬರದಾಂವ ಯಾರು?"

ಅಯ್ಯೂಬ ನನ್ನ ಕಡೆ ನೋಡಲಿಲ್ಲ. ನೋಡದಿದ್ದುದೇ ಉತ್ತರವಾಯಿತು.

"ನನ್ನ ಗಂಡನ ಮ್ಯಾಲ ಡೀಸೆಲ್ ಕಳುವಿನ ಕೇಸ್ ಆಗೈತಿ. ನಿಮ್ಮ ಕಾಗದನs ಸಾಕ್ಷಿ ಅಂತ. ಬರೂ ವಾರ ಬುಧವಾರ, ಇಪ್ಪತ್ತನೇ ತಾರೀಖಿಗೆ ಠಾಣೇಕ್ಕ ಬರಬೇಕಂತ, ಬಂದ್ರ ಒಳಗ ಹಾಕ್ತಾರಂತ ಊರೆಲ್ಲಾ ಅಂತೈತಿ. ಇಪ್ಪತ್ತೆರಡು ವರ್ಷ ಗಾಡಿ ಹೊಡದಾನ, ಒಂದು ನಾಯಿ ಮ್ಯಾಲ ಹಾಯಿಸಿಲ್ಲ. ಈಗ ತುತ್ತು ನಾ ಉಣಿಸ್ತೀನಿ. ಅದಕ್ಕ ಅಳಂಗಿಲ್ಲ ಆಂವ. 'ಸಾಹೇಬ್ರು ಮಷೀನ್ ಸುಳ್ಳು ಹೇಳಂಗಿಲ್ಲ ಅಂದಿದ್ರಲ್ಲ, ಹಂಗಾರ ನಾ ಎಲ್ಲೆ ಇದ್ನಿ' ಅಂತ ಕೇಳ್ತಾನ. ಹುಚ್ಚು ಹಿಡದಂಗ ಕೇಳ್ತಾನ. ಅದಕ್ಕ ಬಂದೀನಿ. ಎಲ್ಲೆ ಇದ್ದ ಹೇಳ್ರಿ."

ಹೇಳಿದೆ. ಗುಡ್ಡದ ಹಿಂದೆ ಇದ್ದ. ಟೈರು ನೋಡಿ ಬಂದೆ. ತಪ್ಪು ನನ್ನದು.

"ಯಾವತ್ತ ಗೊತ್ತಾತು?"

"ಕೈ ಮುರದ ಮರುದಿನಾನs."

ಹೊಡೆದಳು. ಕೆನ್ನೆಗೆ, ಪೂರ್ಣ ಕೈ. ಕನ್ನಡಕ ಪ್ರಿಂಟರಿನ ಹಿಂದೆ ಹೋಗಿ ಬಿತ್ತು. ಕಿವಿಯಲ್ಲಿ ಗಿರಣಿಗಿಂತ ದೊಡ್ಡ ಸದ್ದು. ಅಯ್ಯೂಬ ಎದ್ದು ನಿಂತ. ಅವಳು ಅವನ ಕಡೆ ಬೆರಳು ತೋರಿಸಿದಳು, ಅವನು ಕುಳಿತ. ನನ್ನ ಎರಡನೆಯ ಸಿದ್ಧಾಂತದ ಮೊದಲ ಪ್ರಾಮಾಣಿಕ ಪರೀಕ್ಷೆ. ಯಂತ್ರ ಕೆಲಸ ಮಾಡಲು ಶುರುಮಾಡಿತು. ಬುಧವಾರದೊಳಗೆ ಠಾಣೆಯಲ್ಲಿ ಹೇಳುತ್ತೇನೆ ಎಂದು ಮಾತು ಕೊಟ್ಟೆ.

೧೨ ಫೆಬ್ರವರಿ, ಮಂಗಳವಾರ

ಸಾಕ್ಷಿ ಇದೆ. ಸರ್ವರಿನಲ್ಲಿ ಪೆಟ್ಟಿಗೆಗಳು ಕಳಿಸಿದ ಮೂಲ ಸುದ್ದಿ ಹಾಗೇ ಉಳಿದಿದೆ, ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಆ ದಿನ ೧೧:೧೨ಕ್ಕೆ ಡೋಣಿ ಕ್ರಾಸು. ಮುಂದಿನದು ೨:೨೦ಕ್ಕೆ, ಕಡಕೋಳ. ನಡುವೆ ಒಂದೂ ಇಲ್ಲ. ಧಾಬಾದಲ್ಲಿ ನಿಂತಿದ್ದರೆ ಹತ್ತು ಸೆಕೆಂಡಿಗೊಂದರಂತೆ ಸಾವಿರಕ್ಕೂ ಹೆಚ್ಚು ಸುದ್ದಿ ಬಂದಿರಬೇಕಿತ್ತು. ಖಾಲಿ ಜಾಗವೇ ತಿರಕಪ್ಪನ ಪರ ಮಾತಾಡುತ್ತದೆ.

ಮೊದಲು ಚನ್ನಬಸವಣ್ಣನವರಿಗೆ ತೋರಿಸಿದರೆ ಅವರೇ ಕೇಸು ಹಿಂದಕ್ಕೆ ತೆಗೆದುಕೊಳ್ಳಬಹುದು ಎಂದೆ. ಅಯ್ಯೂಬ ನಕ್ಕ. "ನೀ ಪ್ರೋಗ್ರಾಂ ಬರಿ. ಮನಷ್ಯಾರನ್ನ ಬರೀಬ್ಯಾಡ."

ಅಂಕಿತಾಳಿಗೆ ರಾತ್ರಿ ಎಲ್ಲ ಹೇಳಿದೆ. ಅವಳು ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕಟ್ಟಿದಳು. "ಹೋಗ್ರಿ. ಎದಿ ಎಷ್ಟು ಹೊಡ್ಕೊಂತು ಅಂತ ಬಂದು ತೋರಸ್ರಿ."

೧೫ ಫೆಬ್ರವರಿ, ಶುಕ್ರವಾರ

ನಿನ್ನೆ ಶಿರಹಟ್ಟಿ. ಬರೆಯುತ್ತೇನೆ, ನಿಧಾನಕ್ಕೆ.

ಅಂಗಳದ ಆಫೀಸು ಕೋಣೆ. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಎಡಗೈ ಕೀಬೋರ್ಡಿನ ಮೇಲೆ, ಬಲಗೈ ಮೌಸಿನ ಮೇಲೆ. ಅವರು ಪಕ್ಕದಲ್ಲಿ ನಿಂತು ಪೂರ್ತಿ ಕೇಳಿದರು. ಒಳ್ಳೆಯ ಪ್ರಶ್ನೆಗಳನ್ನೂ ಕೇಳಿದರು. ಅರ್ಥವಾಯಿತು ಎಂದು ನನಗೆ ಸಮಾಧಾನ. ಅವರಿಗೆ ಅರ್ಥವಾಗಿತ್ತು.

"ಅಂದ್ರ ಆಂವ ಅಲ್ಲೆ ಇರ್ಲಿಲ್ಲ."

"ಇರ್ಲಿಲ್ರಿ."

"ಅಂದ್ರ ನಾ ಸುಳ್ಳs ಹೊಡದ್ನಿ ಅಂತಾತು. ಮಂದಿ ಮುಂದ."

"ತಪ್ಪು ನಂದ್ರಿ. ನಿಮ್ದಲ್ಲ."

"ಇದನ್ನ ಒರಸಿಬಿಡ್ರಿ."

"ಒರಸಾಕ ಬರಂಗಿಲ್ರಿ."

"ಮಷೀನ್ ಸುಳ್ಳು ಹೇಳಂಗಿಲ್ಲ ಅಂದಾಂವ ನೀನs ಅಲ್ಲೇನಲೇ."

ಮೊದಲ ಸಲ 'ನೀನು' ಎಂದರು. ದನಿ ಏರಿಸಲಿಲ್ಲ. ಲ್ಯಾಪ್‌ಟಾಪಿನ ಮುಚ್ಚಳವನ್ನು ನನ್ನ ಎಡಗೈ ಮೇಲೆ ಮುಚ್ಚಿದರು. ಆಮೇಲೆ ಅದರ ಮೇಲೆ ಕುಳಿತರು. ಕುಳಿತು ಎದ್ದು, ಮತ್ತೆ ಕುಳಿತರು. ಎರಡು ಸದ್ದು ಕೇಳಿಸಿತು, ಪ್ಲಾಸ್ಟಿಕ್ಕಿನದಲ್ಲ. ನಾನು ಕೂಗಿದ್ದನ್ನು ಅಂಗಳದವರೆಲ್ಲ ಕೇಳಿರಬೇಕು. ಯಾರೂ ತಲೆಯೆತ್ತಿರಲಿಕ್ಕಿಲ್ಲ, ಅಲ್ಲಿನ ಪದ್ಧತಿ ನನಗೆ ಗೊತ್ತಲ್ಲ. ಮೇಲಿಂದ ಬೆಲ್ಟ್. ಬೆನ್ನು, ಕುತ್ತಿಗೆ, ಒಂದು ಬಾಯಿಗೆ. ನಾಲ್ಕು ಕ್ಯಾಮೆರಾದ ಫೋನನ್ನು ಜ್ಯಾಕ್ ರಾಡಿನಿಂದ ಜಜ್ಜಿದರು. ರಾಡನ್ನು ತೊಳೆದಿಟ್ಟಿದ್ದರು.

"ಸೋಮವಾರದೊಳಗ ಒರಸದಿದ್ರ ನಿನ್ನ ಗಿರಣಿಗೆ ನಾನs ಬರ್ತೀನಿ."

ಗ್ಯಾಜೆಟ್ ವಿಮರ್ಶೆ: ಲ್ಯಾಪ್‌ಟಾಪಿನ ಮುಚ್ಚಳದ ಕೀಲು ಅಪ್ಪಟ ಲೋಹ. ಎಂಬತ್ತು ಕೇಜಿ ಎರಡು ಸಲ ತಡೆಯಿತು. ಸ್ಕ್ರೀನಿಗೆ ಒಂದು ಗೀರಿಲ್ಲ. ಬೆರಳು ಎರಡು ಮುರಿದವು, ಉಂಗುರದ್ದು ಮತ್ತು ಕಿರಿದು. ಬಲಗೈ ಉಳಿದದ್ದು ಮೌಸಿನ ದಯೆ. ಮೌಸಿನ ಬಗ್ಗೆ ಇನ್ನು ಜೀವಮಾನದಲ್ಲಿ ಕೆಟ್ಟದ್ದು ಮಾತಾಡುವುದಿಲ್ಲ. ಗಡಿಯಾರ ತೋರಿಸಿದ ಎದೆಬಡಿತ ೧೬೧. ಜೊತೆಗೆ ಅಭಿನಂದನೆ, ಉತ್ತಮ ವ್ಯಾಯಾಮ ಎಂದು.

೧೬ ಫೆಬ್ರವರಿ, ಶನಿವಾರ

ದೂರು ಕೊಟ್ಟೆ. ನನ್ನದೂ, ತಿರಕಪ್ಪನದೂ. ಅವನು ಪ್ಲಾಸ್ಟರಿನ ಕೈ ಎದೆಗೆ ಕಟ್ಟಿಕೊಂಡು ಬಂದಿದ್ದ. ನನ್ನ ಬೆರಳು ನೋಡಿದ. ಮೀಸೆ ಅಲುಗಿತು. "ಸಾಹೇಬ್ರ, ನೀವೂ ಐದು ನಿಮಿಷದ ಮ್ಯಾಲ ನಿಂತ್ರೇನು?"

ನಕ್ಕೆ. ಬಾಯಿಯ ಹೊಲಿಗೆ ಬಿಚ್ಚಿತು.

ಹವಾಲ್ದಾರರು ಮೂಲ ಸುದ್ದಿಯ ಪ್ರಿಂಟು ಓದಿದರು, ಎರಡು ಸಲ. ಪ್ರಿಂಟಷ್ಟೇ ಸಾಲದು, ಅದಿರುವ ಲ್ಯಾಪ್‌ಟಾಪನ್ನು ಇದ್ದಲ್ಲೇ ಪಂಚರ ಮುಂದೆ ಜಪ್ತಿ ಮಾಡಬೇಕಂತೆ. ಸೋಮವಾರ ನಾಲ್ಕಕ್ಕೆ ಗಿರಣಿಗೇ ಬರುತ್ತಾರೆ. ಅಲ್ಲಿಯವರೆಗೆ ಅದನ್ನು ಕದಲಿಸಬಾರದು, ಕೋಣೆ ಖಾಲಿ ಬಿಡಬಾರದು. ಅದು ಕೈ ಸೇರಿದರೆ ಬುಧವಾರ ತಿರಕಪ್ಪ ಬರಬೇಕಾಗಿಲ್ಲ.

ಚನ್ನಬಸವಣ್ಣ ಊರಲ್ಲಿಲ್ಲ, ಎಲ್ಲಿದ್ದಾರೋ ಯಾರಿಗೂ ತಿಳಿಯದು ಎಂದರು. ಆಗ ನೆನಪಾಯಿತು. ಜೀಪಿನ ಸೀಟಿನ ಕೆಳಗೆ ಪುಕ್ಕಟೆಯ ಏಳನೆಯ ಪೆಟ್ಟಿಗೆ. ಠಾಣೆಯ ಕಂಪ್ಯೂಟರಿನಲ್ಲೇ ತೆರೆದು ನೋಡಿದೆ. ಬೂದು ಚುಕ್ಕೆ, ಕಪ್ಪತಗುಡ್ಡದ ಅಂಚಿನಲ್ಲಿ. ಪಕ್ಕದಲ್ಲಿ ನನ್ನದೇ ಪದ: 'ಗೊತ್ತಿಲ್ಲ'.

"ಇದೇನು?" ಎಂದರು ಹವಾಲ್ದಾರರು.

"ಖರೇನs ಗೊತ್ತಿಲ್ರಿ."

೧೮ ಫೆಬ್ರವರಿ, ಸೋಮವಾರ. ೨:೧೦

ಅಂಕಿತಾಳನ್ನು ಬೆಳಿಗ್ಗೆ ಕೋಟುಮಚಗಿಗೆ, ತವರಿಗೆ ಕಳಿಸಿದೆ. ಹೋಗಲಾರೆ ಎಂದಳು, ಬೈದಳು, ಹೋದಳು. ಕೈಗಡಿಯಾರ ನನ್ನಲ್ಲೇ ಬಿಟ್ಟಳು.

ಹೊಸ ಫೋನು ಗುಂಡಿಯದು. ಬ್ಯಾಟರಿ ಒಂದು ವಾರ, ಕ್ಯಾಮೆರಾ ಇಲ್ಲ, ಟಾರ್ಚ್ ಇದೆ. ಜಜ್ಜಿದರೆ ರಾಡೇ ಡೊಂಕಾದೀತು. ಇದಕ್ಕಿಂತ ಒಳ್ಳೆಯ ಫೋನು ಮನುಷ್ಯ ಮಾಡಿಲ್ಲ.

ಕೆಳಗೆ ಗಿರಣಿ ನಡೆಯುತ್ತಿದೆ. ಬಾಗಿಲಿಗೆ ಚಿಲಕ ಒಂದೇ. ಲ್ಯಾಪ್‌ಟಾಪ್ ತೆರೆದಿದೆ. ಚುಕ್ಕೆ ಬೂದು. ಗೊತ್ತಿಲ್ಲ.

೨:೪೮

ಚುಕ್ಕೆ ಹಸಿರಾಯಿತು. ಡೋಣಿ ಕ್ರಾಸು.

೨:೫೫

ಹವಾಲ್ದಾರರಿಗೆ ಫೋನು ಮಾಡಿದೆ. "ನಾಕಕ್ಕ ಅಂದೀವಲ್ರಿ" ಎಂದರು. ಜೀಪು ಹೊರಟಿದೆ ಎಂದೆ. "ಯಾವ ಕಡೆ?" ಚುಕ್ಕೆ ಡಂಬಳದ ಕೆರೆಯ ಪಕ್ಕ ಹೋಗುತ್ತಿತ್ತು. ಗದಗಿನ ಕಡೆ ಎಂದೆ. ಬರುತ್ತೇವೆ ಎಂದರು.

೩:೦೨

ಮೂಲ ಸುದ್ದಿಯ ಇನ್ನೊಂದು ಪ್ರತಿ ಪೆನ್‌ಡ್ರೈವಿಗೆ ಇಳಿಸಿ ಅಯ್ಯೂಬನ ಕೈಲಿ ಕೊಟ್ಟೆ, ಠಾಣೆಗೆ ಒಯ್ಯಲು. ಹೋಗಲಿಲ್ಲ. ಬೆಸುಗೆ ಕಡ್ಡಿ ಪ್ಲಗ್ಗಿಗೆ ಹಾಕಿ ಕುಳಿತ. "ಕಾದಿಂದ ಹೊಕ್ಕೀನಿ" ಎಂದ. ಕೊರಳಪಟ್ಟಿ ಹಿಡಿದು ಎಬ್ಬಿಸಿದೆ, ಮೆಟ್ಟಿಲವರೆಗೆ ನೂಕಿದೆ. ಮುರಿದ ಬೆರಳು ಅವನ ಗುಂಡಿಗೆ ಸಿಕ್ಕಿ ಕಣ್ಣು ಕತ್ತಲಾಯಿತು. "ತಿರಕಪ್ಪನ ಸಲುವಾಗಿ ಹೋಗೋ" ಎಂದೆ. ಹೋದ. ಕಡ್ಡಿ ಬಿಟ್ಟು ಹೋದ, ಕಾಯಲು.

೩:೧೬

ಪಾಪನಾಶಿ ದಾಟಿತು. ವೇಗ ೭೮. ಚುಕ್ಕೆ ಎಷ್ಟು ನಯವಾಗಿ ಓಡುತ್ತಿದೆ. ಇಷ್ಟು ನಯ ಬರಲು ನಾನು ಎರಡು ತಿಂಗಳು ಹೆಣಗಿದ್ದೆ. ಎದೆಬಡಿತ ೧೩೪. ಕುಳಿತೇ ಇದ್ದೇನೆ.

೩:೨೫

ಊರೊಳಗೆ ಬಂತು. ವೇಗ ೩೦. ಬೆಟಗೇರಿಯ ತಿರುವು. ಸ್ಕೂಟರಿನಲ್ಲಿ ನಲವತ್ತು ಸಲ ಓಡಾಡಿದ ಅದೇ ರಸ್ತೆ. ಟಾವರ್ ತುಂಬ ಇದೆ, ಒಂದು ಸೆಕೆಂಡೂ ತಪ್ಪಿಲ್ಲ. ಗವಿಸಿದ್ದಪ್ಪನಿಗೆ ಕೂಗಿ ಹೇಳಿದೆ, ಗಿರಣಿ ಬಂದ್ ಮಾಡಿ ಹೊರಗೆ ಹೋಗೆಂದು. ಕೇಳಿಸಿತೋ ಇಲ್ಲವೋ.

೩:೨೯

ನಿಂತಿತು. ನಮ್ಮ ಗಿರಣಿಯ ಮುಂದೆ. ಕೆಂಪು. ಗಡಿಯಾರ ಶುರುವಾಗಿದೆ, ೦:೧೦... ೦:೨೦... ಈ ಸಲ ಪ್ರೋಗ್ರಾಮಿನಲ್ಲಿ ತಪ್ಪಿಲ್ಲ.

ಗಿರಣಿ ನಿಂತಿತು. ಮೊದಲ ಸಲ ನನ್ನ ಕೀಬೋರ್ಡಿನ ಸದ್ದು ಹೇಗಿರುತ್ತದೆಂದು ಕೇಳಬಹುದು. ಮೆಟ್ಟಿಲ ಮೇಲೆ ಒಬ್ಬರೇ. ಅವಸರವಿಲ್ಲದ ಹೆಜ್ಜೆ. ಕೈಯಲ್ಲಿ ಏನೋ ಗೋಡೆಗೆ ತಾಗುತ್ತಾ ಬರುತ್ತಿದೆ, ಕಬ್ಬಿಣದ್ದು. ಹವಾಲ್ದಾರರಿಗೆ ಇನ್ನೂ ಅರ್ಧ ಗಂಟೆ. ಲ್ಯಾಪ್‌ಟಾಪನ್ನು ಅಪ್ಪಿಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದೇನೆ, ಕಡ್ಡಿ ಬಲಗೈ ಪಕ್ಕ, ತುದಿ ಕೆಂಪಗೆ. ನೋಟ್‌ಬುಕ್ಕು ಮೊಣಕಾಲ ಮೇಲೆ. ಒರೆಸಿಲ್ಲ, ಒಂದು ಸಾಲೂ. ೧:೪೦. ಚಿಲಕ